ಬೆರಳಚ್ಚು ಯಂತ್ರವೂ ನಮ್ಮ ಮನೆಯ ಕಾಗದಪತ್ರಗಳೂ



ತಮ್ಮ ಮನೆಯ ಮಾಡದಲ್ಲಿಯೋ ಹಳೆಯ ಟ್ರಂಕಿನ ತಳದಲ್ಲಿಯೋ ಕೆಂಪು ಅರಿವೆಯಲ್ಲಿ ಕಟ್ಟಿಟ್ಟ ಕಾಗದಪತ್ರಗಳ ಗಂಟೊಂದು ಇದ್ದೇ ಇರುತ್ತದೆ. ಬಿಡುವಾದಾಗ ಅದನ್ನೊಮ್ಮೆ ಬಿಚ್ಚಿ ನೋಡಬೇಕೆಂದು ನನ್ನ ವಿನಂತಿ. ಹಾವೇರಿ, ಬ್ಯಾಡಗಿ, ರಾಣೆಬೆನ್ನೂರು ಸೀಮೆಯ ಒಕ್ಕಲು ಮನೆತನಗಳಲ್ಲಿ ಈ ಗಂಟಿನ ಪದರುಗಳು ಬಹುಮಟ್ಟಿಗೆ ಒಂದೇ ಬಗೆಯಾಗಿರುತ್ತವೆ. ಎಲ್ಲಕ್ಕೂ ಕೆಳಗೆ, ಮೋಡಿ ಲಿಪಿಯಲ್ಲಿ ಗೀಚಿದಂತಿರುವ, ಈಗ ಮನೆಯಲ್ಲಿ ಯಾರಿಗೂ ಓದಲು ಬಾರದ ಒಂದು ಹಾಳೆ. ಅದರ ಮೇಲೆ ಕುಲಕರ್ಣಿಯವರ ದುಂಡು ಕೈಬರಹದ ಕನ್ನಡ ಉತಾರ. ಅದರ ಮೇಲೆ ಇಂಗ್ಲಿಷಿನಲ್ಲಿ ಟೈಪಾದ ಒಂದೆರಡು ತೆಳು ಹಾಳೆಗಳು. ಅವುಗಳ ಅಡಿಯಲ್ಲಿ ಅಜ್ಜನ ಎಡಗೈ ಹೆಬ್ಬೆಟ್ಟಿನ ಗುರುತು. ಆ ಮೇಲಿನದು ಕನ್ನಡದಲ್ಲಿಯೇ ಟೈಪಾದ ಹುಕುಮು. ಎಲ್ಲಕ್ಕೂ ಮೇಲೆ ಗಣಕಯಂತ್ರದಿಂದ ಹೊರಬಂದ ಪಹಣಿ ಪತ್ರಿಕೆ. ಇವುಗಳಲ್ಲಿ ಮೂರನೆಯ ಮತ್ತು ನಾಲ್ಕನೆಯ ಪದರುಗಳ ನಡುವೆ ಏನು ನಡೆಯಿತೆಂಬುದನ್ನು ತಮ್ಮೆದುರು ನಿವೇದಿಸಿಕೊಳ್ಳುವ ಉದ್ದೇಶದಿಂದ ಈ ಲೇಖನವನ್ನು ಬರೆಯುತ್ತಿದ್ದೇನೆ. ಶ್ರೀಮಠದ ಪ್ರಸಾದ ನಿಲಯದಲ್ಲಿ ಉಂಡು ಓದಿದ ನಾನು, ಸರಕಾರಿ ಕಚೇರಿಗಳಲ್ಲಿ ಮೂವತ್ತೆಂಟು ವರ್ಷ ಬೆರಳಚ್ಚಿನ ಕಾಯಕ ಮಾಡಿದವನು. ಅಚ್ಚಿನ ಮನೆಯ ಮಹಿಮೆಯನ್ನು ಹೇಳುವ ಗ್ರಂಥಗಳುಂಟು. ಗಣಕಯಂತ್ರದ ಮಹಿಮೆಯನ್ನು ಹೇಳದ ದಿನವಿಲ್ಲ. ಎರಡರ ನಡುವೆ ಒಂದು ಶತಮಾನ ದುಡಿದು ಮೂಲೆ ಸೇರಿದ ಈ ಯಂತ್ರದ ಪರವಾಗಿ ಮಾತನಾಡುವವರು ಕಡಿಮೆ.

ಈ ಯಂತ್ರದ ಹುಟ್ಟು ಕಚೇರಿಯಲ್ಲಿ ಆಗಲಿಲ್ಲವೆಂಬುದು ಅನೇಕರಿಗೆ ಆಶ್ಚರ್ಯವೆನಿಸಬಹುದು. 1714ರಷ್ಟು ಹಿಂದೆಯೇ ಹೆನ್ರಿ ಮಿಲ್ ಎಂಬ ಇಂಗ್ಲಿಷ್ ಯಂತ್ರಜ್ಞನು ಇಂಥದೊಂದು ಸಾಧನಕ್ಕೆ ಹಕ್ಕುಪತ್ರ ಪಡೆದಿದ್ದನು. ಆದರೆ ಕೆಲಸ ಮಾಡಿದ್ದಕ್ಕೆ ಸಾಕ್ಷಿಯುಳ್ಳ ಮೊದಲ ಯಂತ್ರಗಳಲ್ಲೊಂದು ಇಟಲಿ ದೇಶದ್ದು. ಪೆಲ್ಲೆಗ್ರಿನೊ ಟುರ್ರಿ ಎಂಬಾತ ದೃಷ್ಟಿಹೀನಳಾದ ಕುಲೀನ ಸ್ತ್ರೀಯೊಬ್ಬಳು ತನ್ನ ಪತ್ರಗಳನ್ನು ತಾನೇ ಬರೆದುಕೊಳ್ಳಲೆಂದು 19ನೆಯ ಶತಮಾನದ ಆರಂಭದಲ್ಲಿ ಅದನ್ನು ನಿರ್ಮಿಸಿದನು. ಯಂತ್ರ ಉಳಿದಿಲ್ಲ, ಆಕೆ 1808ರ ಸುಮಾರಿಗೆ ಅದರಿಂದ ಬರೆದ ಪತ್ರಗಳು ಮಾತ್ರ ಉಳಿದಿವೆ. ತನ್ನ ಮನಸ್ಸಿನ ಮಾತನ್ನು ಇನ್ನೊಬ್ಬರ ಕೈಯಿಂದ ಬರೆಯಿಸಬೇಕಾದ ಪಾರತಂತ್ರ್ಯ ಎಂಥದೆಂಬುದನ್ನು, ಗದುಗಿನ ವೀರೇಶ್ವರ ಪುಣ್ಯಾಶ್ರಮವನ್ನು ಕಂಡ ನಮ್ಮ ಭಾಗದ ಜನರಿಗೆ ಬಿಡಿಸಿ ಹೇಳಬೇಕಾದುದಿಲ್ಲ. ಕಣ್ಣಿದ್ದೂ ಅಕ್ಷರವಿಲ್ಲದ ನಮ್ಮ ಹಿರಿಯರ ಸ್ಥಿತಿಯೂ ಅದಕ್ಕಿಂತ ಬಹಳ ಭಿನ್ನವಾಗಿರಲಿಲ್ಲ.

ಮಾರುಕಟ್ಟೆಗೆ ಬಂದ ಟೈಪ್‌ರೈಟರ್ ಅಮೆರಿಕೆಯದು. ಮಿಲ್ವಾಕಿ ನಗರದ ಪತ್ರಿಕೋದ್ಯಮಿ ಕ್ರಿಸ್ಟೊಫರ್ ಶೋಲ್ಸ್ ಎಂಬಾತ ಇಬ್ಬರು ಜೊತೆಗಾರರೊಡನೆ 1868ರಲ್ಲಿ ಹಕ್ಕುಪತ್ರ ಪಡೆದನು. ಬಂದೂಕು ತಯಾರಿಸುತ್ತಿದ್ದ ರೆಮಿಂಗ್ಟನ್ ಸಂಸ್ಥೆ ಅದನ್ನು ತಯಾರಿಸಲು ಒಪ್ಪಿ 1874ರಲ್ಲಿ ಮಾರಾಟಕ್ಕಿಟ್ಟಿತು. ಆ ಮೊದಲ ಯಂತ್ರದಲ್ಲಿ ದೊಡ್ಡಕ್ಷರಗಳು ಮಾತ್ರ ಇದ್ದವು. 1878ರ ಎರಡನೆಯ ಮಾದರಿಯಲ್ಲಿ ಒಂದೇ ಕೀಲಿಯಿಂದ ಎರಡು ಅಕ್ಷರ ಪಡೆಯುವ ಉಪಾಯ ಬಂದಿತು. ಕೀಲಿಗಳ ಮೇಲ್ಸಾಲಿನಲ್ಲಿ ಕ್ಯೂ, ಡಬ್ಲ್ಯೂ, ಇ ಎಂದು ಅಡ್ಡಾದಿಡ್ಡಿಯಾಗಿ ಅಕ್ಷರಗಳನ್ನು ಕೂರಿಸಿದ್ದೇಕೆಂಬ ಬಗ್ಗೆ ವಿದ್ವಾಂಸರಲ್ಲಿ ಒಮ್ಮತವಿಲ್ಲ. ಅಚ್ಚುಮೊಳೆ ಹೊತ್ತ ಕಡ್ಡಿಗಳು ಒಂದಕ್ಕೊಂದು ಸಿಕ್ಕಿಕೊಳ್ಳದಿರಲೆಂದು ಹೀಗೆ ಮಾಡಿದರೆಂದು ಕೆಲವರೂ, ತಂತಿ ಕಚೇರಿಯ ನೌಕರರ ಅನುಕೂಲಕ್ಕಾಗಿ ಎಂದು ಕೆಲವರೂ ಹೇಳುತ್ತಾರೆ. ಏನೇ ಇರಲಿ, ಕಡ್ಡಿಗಳೇ ಇಲ್ಲದ ಇಂದಿನ ಮೊಬೈಲ್ ಫೋನಿನ ಗಾಜಿನ ಮೇಲೆಯೂ ಅದೇ ಸಾಲು ಕುಳಿತಿದೆ. ಒಮ್ಮೆ ಬೆರಳಿಗೆ ಅಂಟಿದ ಅಭ್ಯಾಸ ಎಷ್ಟು ಬಲವಾದುದೆಂಬುದಕ್ಕೆ ಇದಕ್ಕಿಂತ ದೊಡ್ಡ ನಿದರ್ಶನ ಬೇಡ.

ಭಾರತಕ್ಕೆ ಈ ಯಂತ್ರ ಆಂಗ್ಲರ ಆಡಳಿತದೊಡನೆಯೇ ಬಂದಿತು. ಸ್ವಾತಂತ್ರ್ಯಾನಂತರ, 1955ರಲ್ಲಿ, ಮುಂಬಯಿಯ ಗೋದ್ರೆಜ್ ಸಂಸ್ಥೆಯು ಇಲ್ಲಿಯೇ ತಯಾರಿಸಿದ ಟೈಪ್‌ರೈಟರನ್ನು ಹೊರತಂದಿತು. ಸೂಜಿಯಿಂದ ಹಿಡಿದು ಎಲ್ಲವೂ ಹೊರದೇಶದಿಂದ ಬರುತ್ತಿದ್ದ ಕಾಲದಲ್ಲಿ, ಸಾವಿರಕ್ಕೂ ಮಿಕ್ಕಿದ ಬಿಡಿಭಾಗಗಳು ಕೂದಲೆಳೆಯಷ್ಟೂ ತಪ್ಪದೆ ಕೂಡಿಬರಬೇಕಾದ ಯಂತ್ರವನ್ನು ನಾವೇ ಮಾಡಿದೆವೆಂಬುದು ಆಗ ದೊಡ್ಡ ಅಭಿಮಾನದ ಸಂಗತಿಯಾಗಿತ್ತು.

ಇನ್ನು ಕನ್ನಡದ ಮಾತಿಗೆ ಬರೋಣ. ಇಲ್ಲಿ ನಾನು ಸ್ವಲ್ಪ ನಿಧಾನಿಸುತ್ತೇನೆ, ಓದುಗರು ಸೈರಿಸಬೇಕು.

ಅಚ್ಚಿನ ಮನೆಯಲ್ಲಿ ಕನ್ನಡ ಬಹು ಹಿಂದೆಯೇ ನೆಲೆ ಕಂಡಿತ್ತು. ಫ. ಗು. ಹಳಕಟ್ಟಿಯವರು ಓಲೆಗರಿಗಳಿಂದ ಸಂಗ್ರಹಿಸಿದ ‘ವಚನಶಾಸ್ತ್ರಸಾರ’ದ ಮೊದಲ ಭಾಗ 1923ರಲ್ಲಿ ಬೆಳಗಾವಿಯಲ್ಲಿ ಅಚ್ಚಾದುದನ್ನೂ, 1925ರಲ್ಲಿ ಅವರು ವಿಜಾಪುರದಲ್ಲಿ ತಮ್ಮದೇ ಹಿತಚಿಂತಕ ಮುದ್ರಣಾಲಯವನ್ನು ಸ್ಥಾಪಿಸಿದುದನ್ನೂ ಈ ಪತ್ರಿಕೆಯ ಓದುಗರು ಬಲ್ಲರು. ಅಚ್ಚಿನ ಮನೆಯ ಮೊಳೆ ಜೋಡಿಸುವವನ ಮುಂದೆ ನೂರಾರು ಗೂಡುಗಳಿರುತ್ತವೆ. ಕಾ, ಕಿ, ಕೀ ಎಂದು ಬೇರೆಬೇರೆ ಮೊಳೆಗಳನ್ನು ಇಟ್ಟುಕೊಳ್ಳಲು ಅವನಿಗೆ ಅಡ್ಡಿಯಿಲ್ಲ. ಟೈಪ್‌ರೈಟರಿಗಾದರೋ ನಾಲ್ಕೇ ಸಾಲು, ಸುಮಾರು ನಲವತ್ತಾರು ಕೀಲಿ. ಮೇಲೊಂದು ಕೆಳಗೊಂದರಂತೆ ಲೆಕ್ಕ ಹಾಕಿದರೂ ತೊಂಬತ್ತೆರಡು ಗುರುತುಗಳಿಗೆ ಮಾತ್ರ ಎಡೆ. ನಮ್ಮಲ್ಲಿ ವ್ಯಂಜನಗಳೇ ಮೂವತ್ತನಾಲ್ಕು, ಅಷ್ಟೇ ಒತ್ತಕ್ಷರಗಳು, ಸ್ವರಗಳು, ಸ್ವರಚಿಹ್ನೆಗಳು, ಅನುಸ್ವಾರ ವಿಸರ್ಗಗಳು, ಹತ್ತು ಅಂಕಿಗಳು. ವಿರಾಮ ಚಿಹ್ನೆಗಳನ್ನು ಎಣಿಸುವ ಮೊದಲೇ ನೂರು ದಾಟುತ್ತದೆ. ಇಪ್ಪತ್ತಾರು ಅಕ್ಷರದ ಭಾಷೆಗೆಂದು ಹೊಲಿದ ಅಂಗಿಯಲ್ಲಿ ಕನ್ನಡವನ್ನು ತೂರಿಸುವ ಕೆಲಸವದು.

ಈ ಕೆಲಸವನ್ನು ಸಾಧಿಸಿದವರು ಕೆ. ಅನಂತಸುಬ್ಬರಾಯರು. ಕನ್ನಡ ಬೆರಳಚ್ಚು ಯಂತ್ರದ ಕೀಲಿಮಣೆಯನ್ನು ರೂಪಿಸಿದ ಕೀರ್ತಿ ಅವರದು. ನಾವೆಲ್ಲ ಅದನ್ನು ‘ಅನಂತ’ ಕೀಲಿಮಣೆ ಎಂದೇ ಕರೆಯುತ್ತಿದ್ದೆವು. ಅಕ್ಷರವನ್ನು ಇಡಿಯಾಗಿ ಕೂರಿಸಲು ಎಡೆಯಿಲ್ಲದಾಗ ಅದನ್ನು ಬಿಡಿಸಿ ಕೂರಿಸಬೇಕು. ನಮ್ಮ ಲಿಪಿಯನ್ನು ಸಾವಧಾನವಾಗಿ ನೋಡಿದರೆ ಅದು ತಾನಾಗಿಯೇ ಬಿಡಿಸಿಕೊಳ್ಳುತ್ತದೆ: ಅಕ್ಷರದ ಒಡಲು ಬೇರೆ, ಮೇಲಿನ ತಲೆಕಟ್ಟು ಬೇರೆ, ತಲೆಕಟ್ಟು ಹೋಗಿ ಗುಡಿಸು ಬಂದರೆ ಇಕಾರ, ಏತ್ವ ಬಂದರೆ ಎಕಾರ. ದಕಾರಕ್ಕೂ ಧಕಾರಕ್ಕೂ, ಪಕಾರಕ್ಕೂ ಫಕಾರಕ್ಕೂ ಇರುವ ಭೇದ ಒಂದು ಸೀಳು ಮಾತ್ರ. ಒಡಲನ್ನು ಮೊದಲು ಹೊಡೆದು ಉಳಿದುದನ್ನು ಆಮೇಲೆ ಸೇರಿಸುತ್ತ ಹೋಗುವುದು ನಮ್ಮ ಕ್ರಮ. ಒತ್ತು ಕೊಡುವ ಕೀಲಿಗಳಲ್ಲಿ ಹಲವು ಹಾಳೆಯನ್ನು ಮುಂದೆ ಸರಿಸುತ್ತಿರಲಿಲ್ಲ. ಅವಕ್ಕೆ ‘ಸತ್ತ ಕೀಲಿ’ ಎಂದು ಹೆಸರು. ಸತ್ತ ಕೀಲಿಯಿಂದಲೇ ಕನ್ನಡ ಬದುಕಿತೆಂದು ನಮ್ಮ ಗುರುಗಳು ನಗುತ್ತಿದ್ದರು. ‘ಸ್ತ್ರೀ’ ಎಂಬ ಒಂದೇ ಅಕ್ಷರವನ್ನು ಮೂಡಿಸಲು ಎಷ್ಟು ಬೆರಳು ಎಷ್ಟು ಸಲ ಏಳಬೇಕೆಂಬುದನ್ನು ಹೊಡೆದವನೇ ಬಲ್ಲ. ನಮ್ಮ ಅಕ್ಷರಗಳೆಲ್ಲ ದುಂಡು ಹೊಟ್ಟೆಯವು. ಬ್ಯಾಡಗಿಯ ಮೆಣಸಿನಕಾಯಿ ಸುಗ್ಗಿಯಲ್ಲಿ ಘಾಟಿನೊಡನೆ ಕೆಂಪು ಧೂಳೂ ಕಚೇರಿಯ ಕಿಟಕಿಯಿಂದ ಬಂದು, ರಿಬ್ಬನ್ನಿನ ಮಸಿಯೊಡನೆ ಕೂಡಿ, ಠಕಾರ ಬಕಾರಗಳ ಹೊಟ್ಟೆಯನ್ನು ತುಂಬಿಬಿಡುತ್ತಿತ್ತು. ಸೀನುತ್ತ ಟೈಪು ಮಾಡುವ ವಿದ್ಯೆಗೆ ಮಾತ್ರ ಯಾವ ಪರೀಕ್ಷೆಯೂ ಇರಲಿಲ್ಲ.

ರಾಜ್ಯಭಾಷೆಯ ಅಧಿನಿಯಮ 1963ರಲ್ಲಿಯೇ ಬಂದಿತ್ತು. ಆದರೆ ಶಾಸನದಲ್ಲಿ ಕನ್ನಡವಿದ್ದು ಮೇಜಿನ ಮೇಲೆ ಇಂಗ್ಲಿಷ್ ಯಂತ್ರವಿದ್ದರೆ ಕಾಗದ ಇಂಗ್ಲಿಷಿನಲ್ಲಿಯೇ ಹೊರಡುತ್ತದೆ. ಆಡಳಿತದಲ್ಲಿ ಕನ್ನಡ ಏಕೆ ತಡವಾಯಿತೆಂಬ ಚರ್ಚೆಯಲ್ಲಿ ಅಧಿಕಾರಿಗಳ ಮನೋಧರ್ಮವನ್ನು ಎಲ್ಲರೂ ದೂರುತ್ತಾರೆ. ಮೇಜಿನ ಮೇಲೆ ಯಾವ ಯಂತ್ರವಿತ್ತೆಂದು ಕೇಳುವವರಿಲ್ಲ. ನನ್ನ ಮಟ್ಟಿಗೆ ಮನಸ್ಸಿನಷ್ಟೇ ಯಂತ್ರವೂ ಕಾರಣ.

ನಾನು ಟೈಪು ಕಲಿತದ್ದು 1976ರಲ್ಲಿ ಹಾವೇರಿಯಲ್ಲಿ. ಕಾಗಿನೆಲೆಯ ಹತ್ತಿರದ ನಮ್ಮ ಹಳ್ಳಿಯಿಂದ ಬಂದು ಪ್ರಸಾದ ನಿಲಯ ಸೇರಿದ್ದ ನನಗೆ, ಬೆಳಗಿನ ಆರು ಗಂಟೆಯ ತರಗತಿಯ ಶುಲ್ಕವನ್ನು ಶ್ರೀಮಠದವರೇ ಭರಿಸಿದರು. ಒಂದೇ ಕೋಣೆ, ಹತ್ತು ಹನ್ನೆರಡು ಯಂತ್ರ. ಎಲ್ಲವೂ ಒಟ್ಟಿಗೆ ನಡೆಯತೊಡಗಿದರೆ ತಗಡಿನ ಮೇಲೆ ಆಲಿಕಲ್ಲು ಸುರಿದಂತೆ. ಸಾಲು ಮುಗಿಯುತ್ತ ಬಂದಾಗ ಟಿಣ್ ಎಂದು ಒಂದು ಗಂಟೆ. ಗುರುಗಳು ಕೀಲಿಗಳ ಮೇಲೆ ಅರಿವೆ ಹೊದಿಸಿಬಿಡುತ್ತಿದ್ದರು, ಕಣ್ಣು ಕೆಳಗೆ ಹೋಗದಿರಲೆಂದು. ಅಲ್ಲಿ ನನ್ನ ಬಲಗಡೆಗೆ ದೊಡ್ಡ ವ್ಯಾಪಾರಿಯ ಮಗ, ಎಡಗಡೆಗೆ ಕೂಲಿಕಾರನ ಮಗ. ಪರೀಕ್ಷೆ ಸರಕಾರದ್ದು, ಗಡಿಯಾರ ಹಿಡಿದು ನಿಂತವರು ಹೊರಗಿನವರು, ತಪ್ಪನ್ನು ಎಣಿಸುವವರಿಗೆ ಹೊಡೆದವನ ಊರು ಕೇರಿ ಗೊತ್ತಿಲ್ಲ. ಬುದ್ಧಿವಂತಿಕೆಯ ಪರೀಕ್ಷೆಗಳಲ್ಲಿ ಹೇಗೋ ನುಸುಳುವ ವಶೀಲಿ, ಬೆರಳಿನ ಪರೀಕ್ಷೆಯಲ್ಲಿ ನುಸುಳಲು ಹಾದಿ ಕಾಣುತ್ತಿರಲಿಲ್ಲ. ಈ ಪತ್ರಿಕೆಯನ್ನು ಓದುವ ಹಳೆಯ ವಿದ್ಯಾರ್ಥಿಗಳಲ್ಲಿ ಎಷ್ಟು ಜನ ಆ ಒಂದು ಸರ್ಟಿಫಿಕೇಟನ್ನು ಹಿಡಿದು ಸಂಬಳದ ಮುಖ ಕಂಡರೆಂಬುದು ತಮತಮಗೆ ತಿಳಿದಿದೆ.

ನಮ್ಮ ಮನೆತನದಲ್ಲಿ ಈ ಯಂತ್ರ ಹಿಡಿದ ಹಾದಿ ಮಾತ್ರ ಸಂಬಳದ್ದಷ್ಟೇ ಅಲ್ಲ. ನಮ್ಮ ತಂದೆಯವರು ಅನ್ಯರ ನಾಲ್ಕು ಎಕರೆ ಹೊಲವನ್ನು ಲಾವಣಿಗೆ ಹಿಡಿದು ಮಾಡುತ್ತಿದ್ದರು. ಭೂಸುಧಾರಣಾ ಕಾಯಿದೆಯ ತಿದ್ದುಪಡಿ 1974ರ ಮಾರ್ಚ್ 1ರಂದು ಜಾರಿಗೆ ಬಂದು, ಗೇಣಿಗೆ ಇದ್ದ ಹೊಲಗಳೆಲ್ಲ ಸರಕಾರದಲ್ಲಿ ನಿಹಿತವಾದವು. ಮಾಡುವವನು ನಮೂನೆ 7ರಲ್ಲಿ ಅರ್ಜಿ ಕೊಟ್ಟು ಹಕ್ಕು ಕೇಳಿಕೊಳ್ಳಬೇಕಾಗಿತ್ತು. ಅರ್ಜಿಯ ಕಡೆಯ ಗಡುವು 1979ರ ಜೂನ್ 30ರವರೆಗೆ ಬೆಳೆಯಿತು. ರಾಜ್ಯದಲ್ಲಿ ಬಂದ ಅರ್ಜಿಗಳು 8 ಲಕ್ಷದ ಆಸುಪಾಸು. ತಾಲ್ಲೂಕಿನ ಭೂನ್ಯಾಯಮಂಡಳಿಯ ಮುಂದೆ ಆರಂಭದಲ್ಲಿ ವಕೀಲರಿಗೆ ಪ್ರವೇಶವಿರಲಿಲ್ಲ. ರೈತ, ಅವನ ಕಾಗದ, ಮಂಡಳಿ, ಇಷ್ಟೇ. ಆದುದರಿಂದ ಕಾಗದದಲ್ಲಿ ಏನಿದೆಯೆಂಬುದು ಎಲ್ಲಕ್ಕಿಂತ ಮಹತ್ವದ್ದಾಯಿತು.

ಅದಕ್ಕೂ ಹಿಂದೆ, ನಾನು ಇನ್ನೂ ಶಾಲೆಗೆ ಹೋಗುವ ಹುಡುಗನಾಗಿದ್ದಾಗ, ತಂದೆಯವರು ಇಂಗ್ಲಿಷಿನಲ್ಲಿ ಟೈಪಾದ ಒಂದು ಹಾಳೆಗೆ ಹೆಬ್ಬೆಟ್ಟು ಒತ್ತಿದ್ದರು. ಅದು ಸಾಲದ ಕಾಗದವೆಂದು ಅವರ ತಿಳಿವಳಿಕೆ. ಕಾಲೇಜಿಗೆ ಬಂದ ಮೇಲೆ ನಾನದನ್ನು ಓದಿ ನೋಡಿದರೆ, ಹೊಲವನ್ನು ತಾವು ಸ್ವಇಚ್ಛೆಯಿಂದ ಬಿಟ್ಟುಕೊಟ್ಟಿರುವುದಾಗಿ ಅದರಲ್ಲಿ ಬರೆದಿತ್ತು. ಬಿಟ್ಟುಕೊಟ್ಟ ಮರುವರ್ಷವೂ ಅದೇ ಹೊಲದಲ್ಲಿ ಅವರು ಬಿತ್ತಿದ್ದರೆಂಬುದಕ್ಕೆ ಊರೇ ಸಾಕ್ಷಿ. ಮಂಡಳಿಯವರು ಸಾಕ್ಷಿ ಕೇಳಿ ಆ ಹಾಳೆಯನ್ನು ಬದಿಗಿಟ್ಟರು. ಆದರೆ ಅದನ್ನು ನಾನು ಓದಿ ಹೇಳಿದ ದಿನ ತಂದೆಯವರು ತಮ್ಮ ಹೆಬ್ಬೆಟ್ಟನ್ನೇ ನೋಡುತ್ತ ಬಹಳ ಹೊತ್ತು ಕುಳಿತಿದ್ದರು. ನನಗೆ ಬೈಗುಳಕ್ಕಿಂತ ಆ ಮೌನ ಭಾರವೆನಿಸಿತು.

1981ರಲ್ಲಿ ಹಕ್ಕು ನಮ್ಮದೆಂದು ನಿರ್ಣಯವಾಯಿತು. ನಿರ್ಣಯದ ನಕಲು ಕನ್ನಡದಲ್ಲಿ, ಟೈಪಾಗಿ ಬಂದಿತು. ನಾಲ್ಕನೆಯ ಇಯತ್ತೆ ಓದುತ್ತಿದ್ದ ನನ್ನ ಕಿರಿಯ ತಂಗಿಯೇ ಅದನ್ನು ಕಟ್ಟೆಯ ಮೇಲೆ ಕುಳಿತು ಗಟ್ಟಿಯಾಗಿ ಓದಿದಳು. ತಂದೆಯವರು ಎರಡನೆಯ ಸಲ ಓದಿಸಿದರು. ಮನೆಯ ಹಣೆಬರಹವನ್ನು ಹೇಳುವ ಕಾಗದವನ್ನು ಮನೆಯ ಮಗುವೇ ಓದಬಲ್ಲದೆಂಬುದು ನಮ್ಮ ಅಂಗಳದಲ್ಲಿ ಅದೇ ಮೊದಲು.

ಓದಿದ್ದರಿಂದಲೇ ಒಂದು ಸಂಗತಿ ಹೊರಬಿದ್ದಿತು. ಸರ್ವೆ ನಂಬರಿನ ಕೊನೆಯ ಅಂಕಿ 3 ಆಗಬೇಕಾದಲ್ಲಿ 8 ಬಿದ್ದಿತ್ತು. ಕೈಬರಹದಲ್ಲಾಗಿದ್ದರೆ ಅದು 3 ಎಂದೇ ವಾದಿಸಬಹುದಿತ್ತು. ಯಂತ್ರದ ಅಂಕಿಗೆ ವಾದವಿಲ್ಲ. ಟೈಪಾದದ್ದು ತಪ್ಪಾಗಲಾರದೆಂಬ ಒಂದು ಭ್ರಮೆ ಕಚೇರಿಗಳಲ್ಲಿ ಬೇರೂರಿತ್ತು. ಹೆಸರು ಹೇಳಬೇಕಾಗಿಲ್ಲದ ಒಂದು ಕಚೇರಿಗೆ ತಂದೆಯವರು ಹನ್ನೊಂದು ತಿಂಗಳು ಅಲೆದರು. ಕಡೆಗೆ ಮಸಿಯಿಂದ ತಿದ್ದಿ, ಪಕ್ಕದಲ್ಲಿ ಚಿಕ್ಕ ರುಜು ಹಾಕಿ, ದುಂಡು ಮೊಹರು ಒತ್ತಿ ಕೊಟ್ಟರು. ಆಗ ಇನ್ನೊಂದು ತೊಡಕು ಕಂಡಿತು. ಕಾರ್ಬನ್ ಹಾಳೆಯಿಟ್ಟು ಹೊಡೆದ ನಾಲ್ಕು ಪ್ರತಿಗಳಲ್ಲಿಯೂ ಅದೇ 8 ಇತ್ತು. ತಿದ್ದಿದ್ದು ನಮ್ಮ ಕೈಯೊಳಗಿನ ಒಂದನ್ನು ಮಾತ್ರ. ಉಳಿದ ಮೂರು ಮೂರು ದಿಕ್ಕಿಗೆ ಹೋಗಿ ಕುಳಿತಿದ್ದವು. ಒಂದೇ ಏಟಿಗೆ ನಾಲ್ಕು ಸತ್ಯಗಳನ್ನು ಹೊರಡಿಸುವ ಯಂತ್ರ ಒಂದೇ ಏಟಿಗೆ ನಾಲ್ಕು ತಪ್ಪುಗಳನ್ನೂ ಹೊರಡಿಸುತ್ತದೆ. ಮೂರನೆಯ ಪ್ರತಿಯನ್ನು ತಿದ್ದಿಸುವ ಹೊತ್ತಿಗೆ ನಾನೂ ನೌಕರಿಯಲ್ಲಿ ಎರಡನೆಯ ಊರಿಗೆ ವರ್ಗವಾಗಿದ್ದೆ.

ಪ್ರತಿ ಎಂಬುದರ ಶಕ್ತಿಯನ್ನು ಅರಸೊತ್ತಿಗೆಗಳು ಚೆನ್ನಾಗಿ ಬಲ್ಲವು. ರಶ್ಯದಲ್ಲಿ ಸರಕಾರ ಅಚ್ಚುಹಾಕಲು ಬಿಡದ ಗ್ರಂಥಗಳನ್ನು ಜನ ಕಾರ್ಬನ್ ಇಟ್ಟು ಟೈಪು ಮಾಡಿ ಕೈಯಿಂದ ಕೈಗೆ ದಾಟಿಸುತ್ತಿದ್ದರು. ರುಮೇನಿಯ ದೇಶದಲ್ಲಿ 1983ರಲ್ಲಿ ಪ್ರತಿಯೊಂದು ಟೈಪ್‌ರೈಟರನ್ನೂ ಪೊಲೀಸರಲ್ಲಿ ನೋಂದಾಯಿಸಬೇಕೆಂದು ಆಜ್ಞೆಯಾಯಿತು. ನಮ್ಮಲ್ಲಿಯೂ 1975ರಿಂದ 77ರವರೆಗಿನ ತುರ್ತುಪರಿಸ್ಥಿತಿಯಲ್ಲಿ ಗುಟ್ಟಾಗಿ ಹಂಚಿದ ಕರಪತ್ರಗಳಲ್ಲಿ ಅನೇಕವು ಸ್ಟೆನ್ಸಿಲ್ ಹಾಳೆಯ ಮೇಲೆ ಟೈಪಾಗಿ ಸೈಕ್ಲೋಸ್ಟೈಲ್ ಆದವು. ಅದೇ ಸೈಕ್ಲೋಸ್ಟೈಲ್ ಯಂತ್ರದಿಂದಲೇ ನಮ್ಮ ಜಾತ್ರೆಯ ಕರೆಯೋಲೆಗಳೂ ಶಾಲೆಯ ಪ್ರಶ್ನಪತ್ರಿಕೆಗಳೂ ಹೊರಬರುತ್ತಿದ್ದವೆಂಬುದನ್ನು ನೆನೆದರೆ ನಗು ಬರುತ್ತದೆ.

ಹೆಣ್ಣುಮಕ್ಕಳ ವಿಷಯವನ್ನು ಹೇಳದೆ ಮುಂದೆ ಹೋಗಲಾಗದು. ಶೋಲ್ಸ್‌ನ ಯಂತ್ರದ ಮುಂದೆ ಕುಳಿತು ಛಾಯಾಚಿತ್ರ ತೆಗೆಸಿಕೊಂಡವಳು ಅವನ ಮಗಳು ಲಿಲಿಯನ್. ಗಂಡಸರೇ ತುಂಬಿದ್ದ ಅಮೆರಿಕೆಯ ಕಚೇರಿಗಳಲ್ಲಿ 1900ರ ವೇಳೆಗೆ ಶೀಘ್ರಲಿಪಿ ಮತ್ತು ಬೆರಳಚ್ಚಿನವರ ಪೈಕಿ ನಾಲ್ಕರಲ್ಲಿ ಮೂರು ಪಾಲು ಸ್ತ್ರೀಯರೇ ಇದ್ದರು. ಅದು ಶುದ್ಧ ಬಿಡುಗಡೆಯಾಗಿತ್ತೆಂದು ನಾನು ಹೇಳಲಾರೆ. ಕಡಿಮೆ ಸಂಬಳಕ್ಕೆ ಸಿಗುತ್ತಾರೆಂಬ ಲೆಕ್ಕಾಚಾರವೂ ಅದರಲ್ಲಿತ್ತು. ಆದರೆ ಬಾಗಿಲು ತೆರೆಯಿತು. ಕಟ್ಟೆಯ ಮೇಲೆ ನಿರ್ಣಯವನ್ನು ಓದಿದ ನನ್ನ ತಂಗಿ ಮುಂದೆ ರಾಣೆಬೆನ್ನೂರಿನಲ್ಲಿ ಕನ್ನಡ ಟೈಪಿನ ಪರೀಕ್ಷೆ ಮುಗಿಸಿದಳು. ಹುಡುಗರ ನಡುವೆ ಕುಳಿತು ಕಲಿಯುವುದೇ ಎಂದು ನಮ್ಮ ಅಜ್ಜಿ ಗೊಣಗಿದಳು. ತಂದೆಯವರು ಒಂದೇ ಮಾತು ಹೇಳಿದರು: ‘ಕಾಗದ ಬರೆಯೋರು ನಮ್ಮ ಮನೀವರ ಆದರ, ಹೆಬ್ಬೆಟ್ಟು ಒತ್ತೂದು ತಪ್ಪತೈತಿ.’ ಅವಳು ಮೊದಲ ಸಂಬಳದಲ್ಲಿ ತಂದದ್ದು ತಂದೆಯವರಿಗೊಂದು ಪೆನ್ನು. ರುಜು ಮಾಡಲು ಅವರು ಅರವತ್ತು ದಾಟಿದ ಮೇಲೆ ಕಲಿತರು. ಅಕ್ಷರಗಳು ಎತ್ತಿನ ಹೆಜ್ಜೆಯಂತೆ ಒಂದೊಂದೂ ಬೇರೆಬೇರೆ ನಿಂತಿರುತ್ತಿದ್ದವು.

1997ರ ಆಗಸ್ಟ್ 24ರಂದು ಹಾವೇರಿ ಬೇರೆ ಜಿಲ್ಲೆಯಾಯಿತು. ಹೊಸ ಕಚೇರಿಗಳು ತೆರೆದು ಬೆರಳಚ್ಚುಗಾರರಿಗೆ ಬೇಡಿಕೆ ಬಂದ ಆ ಗಳಿಗೆಯಲ್ಲಿಯೇ ಗಣಕಯಂತ್ರವೂ ಬಾಗಿಲಿಗೆ ಬಂದು ನಿಂತಿತ್ತು. ‘ಭೂಮಿ’ ಯೋಜನೆಯಲ್ಲಿ 2000ದ ಸುಮಾರಿಗೆ ಪಹಣಿಗಳೆಲ್ಲ ಗಣಕಕ್ಕೆ ಏರಿದವು. ಆಗಲೂ ನಮ್ಮ ಹೊಲದ ಮುಂದೆ ಅದೇ 8 ತಲೆಯೆತ್ತಿತು. ಮಸಿಯಿಂದ ತಿದ್ದಿ ಮೊಹರು ಒತ್ತಿದ ಆ ಹಳೆಯ ಹಾಳೆಯನ್ನು ತೋರಿಸಿ ಸರಿಪಡಿಸಿಕೊಂಡೆವು. ಕನ್ನಡದ ಗಣಕದ ಬರವಣಿಗೆಗೆ ಕೆ. ಪಿ. ರಾಯರು ಉಚ್ಚಾರಣೆಯನ್ನು ಅನುಸರಿಸುವ ಬೇರೆಯೇ ಒಂದು ಕೀಲಿಮಣೆಯನ್ನು ರೂಪಿಸಿದ್ದರು. ‘ನುಡಿ’ ತಂತ್ರಾಂಶವೂ ಆ ದಾರಿಯನ್ನೇ ಹಿಡಿಯಿತು. ಅದರಲ್ಲಿ ಅಕ್ಷರವನ್ನು ಒಡೆಯಬೇಕಾದುದಿಲ್ಲ. ಧ್ವನಿಯನ್ನು ಹೇಳಿದರೆ ರೂಪವನ್ನು ಯಂತ್ರವೇ ಕಟ್ಟಿಕೊಳ್ಳುತ್ತದೆ. ಅದು ಶ್ರೇಷ್ಠವಾದುದೆಂಬುದರಲ್ಲಿ ನನಗೆ ಸಂಶಯವಿಲ್ಲ, ಆದರೂ ಇಪ್ಪತ್ತು ವರ್ಷ ಒಡಲು-ತಲೆಕಟ್ಟು ಎಂದು ಪಳಗಿದ ಬೆರಳುಗಳಿಗೆ ಒಂದು ವರ್ಷ ಜ್ವರ ಬಂದಂತಾಗಿತ್ತು. ಗೋದ್ರೆಜ್ ಸಂಸ್ಥೆ 2009ರಲ್ಲಿ ಟೈಪ್‌ರೈಟರ್ ತಯಾರಿಕೆಯನ್ನು ನಿಲ್ಲಿಸಿತು. ತರಬೇತಿ ಕೇಂದ್ರಗಳ ಫಲಕಗಳು ಬದಲಾದವು. ರಿಪೇರಿಯವರು ಹೊಲಿಗೆ ಯಂತ್ರಗಳ ಕಡೆಗೆ ಹೋದರು. ಈಗಿನ ಮಕ್ಕಳು ಮಿಂಚಂಚೆಯಲ್ಲಿ ‘ಸಿಸಿ’ ಎಂದು ಕಳುಹಿಸುವುದು ಆ ಕಾರ್ಬನ್ ಪ್ರತಿಯನ್ನೇ. ಕಾರ್ಬನ್ ಹಾಳೆಯ ನೀಲಿ ಮಸಿ ಅಂಗಿಯ ತೋಳಿಗೆ ತಗುಲಿದುದನ್ನು ಮಾತ್ರ ಅವರು ಕಂಡಿಲ್ಲ.

ಕಚೇರಿಗಳಲ್ಲಿದ್ದ ಯಂತ್ರಗಳು ತೂಕದ ಲೆಕ್ಕದಲ್ಲಿ ಹರಾಜಾಗಿ ಗುಜರಿ ಸೇರಿದುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಇಂಗ್ಲಿಷ್ ಯಂತ್ರಗಳು ಈಗಲೂ ಅಲ್ಲಲ್ಲಿ ಸಿಗುತ್ತವೆ, ಕನ್ನಡದವು ವಿರಳ. ಹಳೆಯ ವಿದ್ಯಾರ್ಥಿಗಳಾದ ತಮ್ಮಲ್ಲಿ ಯಾರ ಅಟ್ಟದ ಮೇಲಾದರೂ ಅನಂತ ಕೀಲಿಮಣೆಯ ಕನ್ನಡ ಯಂತ್ರವೊಂದಿದ್ದರೆ ದಯಮಾಡಿ ಅದನ್ನು ಗುಜರಿಗೆ ಹಾಕಬೇಡಿರಿ. ಪ್ರಸಾದ ನಿಲಯದ ವಾಚನಾಲಯದಲ್ಲಿ ಇಡಲು ಸ್ಥಳವಿದೆ, ಮಕ್ಕಳಿಗೆ ಹೊಡೆದು ತೋರಿಸಲು ನಾನಿದ್ದೇನೆ. ರಿಬ್ಬನ್ನು ಒಣಗಿದ್ದರೆ ಚಿಂತೆಯಿಲ್ಲ. ಠಕಾರ ಬಕಾರಗಳ ಹೊಟ್ಟೆಯಲ್ಲಿ ಮಸಿ ಗಟ್ಟಿಯಾಗಿದ್ದರೆ ಸೀಮೆಎಣ್ಣೆಯಲ್ಲಿ ಅದ್ದಿದ ಹಳೆಯ ಬ್ರಷ್ಷಿನಿಂದ ಮೆಲ್ಲಗೆ ತಿಕ್ಕಿರಿ. ಉಳಿದುದನ್ನು ನಾನು ನೋಡಿಕೊಳ್ಳುತ್ತೇನೆ.